ಲ್ಯಾಬ್‌ನಲ್ಲಿ ಓಡಿದ ಸಾಕೆಟ್ ಪ್ರೋಗ್ರಾಂ ತೋಟದಲ್ಲಿ ಯಾಕೆ ಓಡಲ್ಲ? ಹೋಸ್ಟ್‌ನೇಮ್‌ನಿಂದ ಐಪಿ ವಿಳಾಸ ಪಡೆಯುವ ಸರಿಯಾದ ಕ್ರಮ

ಹಾಸನ, ಚಿಕ್ಕಮಗಳೂರು ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು. "ಕಾಲೇಜಿನ ಲ್ಯಾಬ್‌ನಲ್ಲಿ ಪ್ರೋಗ್ರಾಂ ಚೆನ್ನಾಗಿ ಓಡುತ್ತೆ. ಅದೇ ಬೋರ್ಡನ್ನು ತೋಟಕ್ಕೆ ಒಯ್ದು ಸಿಮ್ ಹಾಕಿದರೆ ಸರ್ವರ್ ಸಿಗೋದೇ ಇಲ್ಲ." ಪ್ರಾಜೆಕ್ಟ್ ಬೇರೆ ಬೇರೆ ಇರುತ್ತದೆ. ಒಬ್ಬರದು ಮಳೆ ಮಾಪಕ, ಇನ್ನೊಬ್ಬರದು ಪಂಪ್ ಸ್ಟಾರ್ಟರ್, ಮತ್ತೊಬ್ಬರದು ಕಣದಲ್ಲಿ ಒಣಗಲು ಹಾಕಿದ ಕಾಫಿಯ ತೇವಾಂಶ ನೋಡುವ ಸೆನ್ಸರ್. ತಪ್ಪು ಮಾತ್ರ ಹೆಚ್ಚಿನ ಸಲ ಒಂದೇ ಜಾಗದಲ್ಲಿ ಸಿಗುತ್ತದೆ: ಒಂದು ಹೆಸರಿಗೆ ಒಂದೇ ವಿಳಾಸ ಅಂದುಕೊಂಡು ಕೋಡ್ ಬರೆದಿರುತ್ತಾರೆ.

ಹೋಸ್ಟ್‌ನೇಮ್, ಅಂದರೆ ಸರ್ವರ್‌ನ ಹೆಸರು ಕೊಟ್ಟರೆ ವಾಪಸ್ ಬರುವುದು ಐಪಿ ವಿಳಾಸಗಳ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ತಲುಪುವ ಸಂಖ್ಯೆಗಳ ಒಂದು ಪಟ್ಟಿ. ಮಲೆನಾಡಿನಲ್ಲಿ ತೋಟವನ್ನು ಎಲ್ಲರೂ ಹೆಸರಿನಿಂದ ಕರೆಯುತ್ತಾರೆ, ಪಹಣಿಯಲ್ಲಿ ಇರುವುದು ಸರ್ವೆ ನಂಬರ್. ಒಂದೇ ತೋಟಕ್ಕೆ ಮೂರ್ನಾಲ್ಕು ಸರ್ವೆ ನಂಬರ್ ಇರುವುದೂ ಉಂಟು, ಅಲ್ವಾ? ಹೋಸ್ಟ್‌ನೇಮ್ ಮತ್ತು ಐಪಿ ವಿಳಾಸದ ಲೆಕ್ಕವೂ ಹಾಗೆಯೇ.

ಈ ಲೇಖನಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇದೆ. ಅದು ಮಳೆ ಮಾಪಕದ ಲೆಕ್ಕವನ್ನು ಗಂಟೆಗೊಮ್ಮೆ ಹಾಸನದಲ್ಲಿರುವ ಸರ್ವರ್‌ಗೆ ಕಳಿಸಬೇಕು. ಕಾಫಿ ಹೂ ಅರಳಿಸುವ ಹೂ ಮಳೆ ಎಷ್ಟು ಸೆಂಟು ಬಿತ್ತು, ಅಂದರೆ ಇಂಚಿನ ನೂರನೇ ಎಷ್ಟು ಭಾಗ ಬಿತ್ತು ಅನ್ನುವುದನ್ನು ನೋಡಿಕೊಂಡೇ ಬೆಳೆಗಾರರು ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಆ ದಿನದ ಲೆಕ್ಕ ಕಳೆದುಹೋದರೆ ಮತ್ತೆ ಸಿಗಲ್ಲ. ಹಾಗಾಗಿ ಪ್ರೋಗ್ರಾಂ ಗಟ್ಟಿಯಾಗಿರಬೇಕು.

ಬೇಕಾಗುವುದು ಇಷ್ಟೇ: ಲಿನಕ್ಸ್ ಇರುವ ಕಂಪ್ಯೂಟರ್ ಅಥವಾ ಪೈ, ಸಿ ಕಂಪೈಲರ್, ಸಾಕೆಟ್ (ಪ್ರೋಗ್ರಾಂ ನೆಟ್‌ವರ್ಕ್ ಜೊತೆ ಮಾತಾಡುವ ಬಾಗಿಲು) ತೆರೆದು ಡೇಟಾ ಕಳಿಸುವ ಮಟ್ಟಿನ ತಿಳಿವಳಿಕೆ. ಸರ್ವರ್ ಹೆಸರು ಮಳೆ ಡಾಟ್ ಎಕ್ಸಾಂಪಲ್ ಡಾಟ್ ಕಾಮ್, ಪೋರ್ಟ್ 5050 ಅಂತ ಇಟ್ಟುಕೊಳ್ಳಿ. ಎಕ್ಸಾಂಪಲ್ ಡಾಟ್ ಕಾಮ್ ಉದಾಹರಣೆಗೆಂದೇ ಮೀಸಲಿಟ್ಟ ಹೆಸರು, ಅದರ ಜಾಗದಲ್ಲಿ ನಿಮ್ಮದನ್ನು ಹಾಕಿ. ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಫಂಕ್ಷನ್‌ಗಳೆಲ್ಲ ಸಣ್ಣಕ್ಷರದಲ್ಲಿ, ಸ್ಥಿರಾಂಕಗಳೆಲ್ಲ ದೊಡ್ಡಕ್ಷರದಲ್ಲಿ ಇರುತ್ತವೆ.

1. ಕೋಡ್ ಮುಟ್ಟುವ ಮೊದಲು ಕೈಯಲ್ಲೇ ಕೇಳಿ ನೋಡಿ

ನಿಮ್ಮ ಪ್ರೋಗ್ರಾಂ ನೇರವಾಗಿ ಡಿಎನ್‌ಎಸ್ ಅನ್ನು ಕೇಳುವುದಿಲ್ಲ. ಡಿಎನ್‌ಎಸ್ ಅಂದರೆ ಹೆಸರುಗಳನ್ನು ವಿಳಾಸಕ್ಕೆ ಬದಲಿಸಿಕೊಡುವ ಜಗತ್ತಿನಾದ್ಯಂತದ ವ್ಯವಸ್ಥೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇದನ್ನು ರೂಪಿಸಿದರು. ಅದಕ್ಕೂ ಮೊದಲು ನೆಟ್‌ವರ್ಕ್‌ನ ಎಲ್ಲ ಕಂಪ್ಯೂಟರ್‌ಗಳ ಹೆಸರೂ ಒಂದೇ ಫೈಲಿನಲ್ಲಿ ಇರುತ್ತಿತ್ತು, ಎಲ್ಲರೂ ಅದನ್ನು ಇಳಿಸಿಕೊಳ್ಳಬೇಕಿತ್ತು. ಆ ಪದ್ಧತಿಯ ಗುರುತು ಇವತ್ತಿಗೂ ನಿಮ್ಮ ಯಂತ್ರದ ಇಟಿಸಿ ಫೋಲ್ಡರಿನಲ್ಲಿ ಹೋಸ್ಟ್ಸ್ ಎಂಬ ಫೈಲಾಗಿ ಉಳಿದಿದೆ. ಪ್ರೋಗ್ರಾಂ ಹೆಸರು ಕೇಳಿದಾಗ ಸಿ ಲೈಬ್ರರಿ ಸಾಮಾನ್ಯವಾಗಿ ಮೊದಲು ಆ ಹೋಸ್ಟ್ಸ್ ಫೈಲ್ ನೋಡುತ್ತದೆ, ಅಲ್ಲಿ ಇಲ್ಲದಿದ್ದರೆ ಡಿಎನ್‌ಎಸ್‌ಗೆ ಹೋಗುತ್ತದೆ. ಯಾವುದು ಮೊದಲು ಅನ್ನುವುದು ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್ ಫೈಲಿನ ಹೋಸ್ಟ್ಸ್ ಸಾಲಿನಲ್ಲಿದೆ. ಯಾವ ಡಿಎನ್‌ಎಸ್ ಸರ್ವರ್ ಅನ್ನುವುದು ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿದೆ.

ಇಲ್ಲಿ ತುಂಬ ಜನ ಎಡವುತ್ತಾರೆ. ಎನ್‌ಎಸ್‌ಲುಕಪ್ ಅಥವಾ ಡಿಗ್ ಕಮಾಂಡ್ ಹಾಕಿ ನೋಡಿ, "ಹೆಸರು ಸರಿಯಾಗಿ ಬರ್ತಿದೆಯಲ್ಲ" ಅಂತಾರೆ. ಆ ಎರಡೂ ಕಮಾಂಡ್‌ಗಳು ಹೋಸ್ಟ್ಸ್ ಫೈಲನ್ನು ನೋಡದೆ ನೇರ ಡಿಎನ್‌ಎಸ್ ಸರ್ವರ್‌ಗೆ ಹೋಗುತ್ತವೆ. ಲ್ಯಾಬ್‌ನಲ್ಲಿ ಯಾರೋ ಅವಸರಕ್ಕೆ ಹೋಸ್ಟ್ಸ್ ಫೈಲಿನಲ್ಲಿ ಹಳೆ ವಿಳಾಸ ಬರೆದು ಮರೆತಿದ್ದರೆ, ಅದು ಎಸ್‌ಡಿ ಕಾರ್ಡ್ ಜೊತೆಗೇ ತೋಟಕ್ಕೆ ಬಂದಿರುತ್ತದೆ. ಎನ್‌ಎಸ್‌ಲುಕಪ್ ಹೊಸ ವಿಳಾಸ ತೋರಿಸುತ್ತದೆ, ನಿಮ್ಮ ಪ್ರೋಗ್ರಾಂ ಹಳೆಯದಕ್ಕೇ ಹೋಗಿ ಬಡಿಯುತ್ತದೆ.

ಆದ್ದರಿಂದ ಗೆಟ್‌ಎಂಟ್ ಕಮಾಂಡ್ ಬಳಸಿ. ಗೆಟ್‌ಎಂಟ್, ಒಂದು ಜಾಗ, ಎಹೋಸ್ಟ್ಸ್, ಒಂದು ಜಾಗ, ಸರ್ವರ್ ಹೆಸರು. ಪ್ರೋಗ್ರಾಂ ಹೋಗುವ ದಾರಿಯಲ್ಲೇ ಇದೂ ಹೋಗುತ್ತದೆ, ಪ್ರೋಗ್ರಾಂಗೆ ಸಿಗುವ ಪಟ್ಟಿಯನ್ನೇ ತೋರಿಸುತ್ತದೆ. ಲ್ಯಾಬ್‌ನಲ್ಲಿ ಒಮ್ಮೆ, ತೋಟದಲ್ಲಿ ಒಮ್ಮೆ ಹಾಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಕಾಣುತ್ತದೆ.

2. ಗೆಟ್‌ಹೋಸ್ಟ್‌ಬೈನೇಮ್ ಬಿಟ್ಟುಬಿಡಿ

ಹಳೆಯ ನೋಟ್ಸ್‌ನಲ್ಲಿ ಇನ್ನೂ ಈ ಫಂಕ್ಷನ್ ಇದೆ. ಇದಕ್ಕೆ ಐಪಿವಿ4 ಮಾತ್ರ ಗೊತ್ತು, ಅಂದರೆ 32 ಬಿಟ್‌ನ ಹಳೆ ಮಾದರಿಯ ವಿಳಾಸ. 128 ಬಿಟ್‌ನ ಐಪಿವಿ6 ಗೊತ್ತಿಲ್ಲ. ಉತ್ತರವನ್ನು ಒಂದೇ ಸ್ಥಿರ ಜಾಗದಲ್ಲಿ ಇಡುತ್ತದೆ, ಎರಡನೇ ಸಲ ಕರೆದರೆ ಮೊದಲಿನದು ಅಳಿಸಿಹೋಗಬಹುದು, ಥ್ರೆಡ್, ಅಂದರೆ ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸಗಳು ಇದ್ದರಂತೂ ಗಲಾಟೆ. ಯುನಿಕ್ಸ್ ಮಾದರಿಯ ಸಿಸ್ಟಂಗಳ ಪೋಸಿಕ್ಸ್ ಮಾನದಂಡದ 2008ರ ಆವೃತ್ತಿಯಲ್ಲಿ ಇದನ್ನು ತೆಗೆದೇ ಹಾಕಿದ್ದಾರೆ. ಹೊಸ ಕೋಡ್‌ಗೆ ಇದು ಬೇಡ.

ಬದಲಿಗೆ ಬಳಸಬೇಕಾದ್ದು ಗೆಟ್‌ಅಡ್ರ್‌ಇನ್ಫೋ. ನೆಟ್‌ಡಿಬಿ ಹೆಡರ್ ಫೈಲ್ ಸೇರಿಸಿದರೆ ಸಿಗುತ್ತದೆ. ಇದಕ್ಕೆ ನಾಲ್ಕು ವಿಷಯ ಕೊಡಬೇಕು: ಹೋಸ್ಟ್‌ನ ಹೆಸರು, ಪೋರ್ಟ್, ನಿಮಗೆ ಎಂಥ ವಿಳಾಸ ಬೇಕು ಅನ್ನುವ ಸುಳಿವು, ಮತ್ತು ಪಟ್ಟಿ ಬಂದು ಕೂರುವ ಪಾಯಿಂಟರ್.

3. ಸುಳಿವಿನ ಸ್ಟ್ರಕ್ಚರ್ ತುಂಬಿಸಿ

ಸುಳಿವನ್ನು ಹಿಂಟ್ಸ್ ಅಂತಾರೆ. ಅದು ಅಡ್ರ್‌ಇನ್ಫೋ ಎಂಬ ಸ್ಟ್ರಕ್ಚರ್. ಮೊಟ್ಟಮೊದಲು ಮೆಮ್‌ಸೆಟ್ ಹಾಕಿ ಅದನ್ನು ಪೂರ್ತಿ ಸೊನ್ನೆ ಮಾಡಿ. ಇದನ್ನು ಮರೆತರೆ ಸ್ಟ್ಯಾಕ್‌ನಲ್ಲಿದ್ದ ಕಸವೇ ಸುಳಿವು ಆಗುತ್ತದೆ. ಒಂದು ಸಲ ಓಡುತ್ತದೆ, ಇನ್ನೊಂದು ಸಲ ಓಡಲ್ಲ. ಹುಡುಕಿ ಹಿಡಿಯುವುದು ಬಹಳ ಕಷ್ಟ.

ಆಮೇಲೆ ಎರಡು ಜಾಗ ತುಂಬಿ. ಎಐ_ಫ್ಯಾಮಿಲಿಗೆ ಎಎಫ್_ಅನ್‌ಸ್ಪೆಕ್ ಹಾಕಿ. ಐಪಿವಿ4 ಆದರೂ ಸರಿ, ಐಪಿವಿ6 ಆದರೂ ಸರಿ ಅಂತ ಅರ್ಥ. ಎಐ_ಸಾಕ್‌ಟೈಪ್‌ಗೆ ಸಾಕ್_ಸ್ಟ್ರೀಮ್ ಹಾಕಿ, ಅಂದರೆ ಟಿಸಿಪಿ. ಇದನ್ನು ಖಾಲಿ ಬಿಟ್ಟರೆ ಲಿನಕ್ಸ್‌ನಲ್ಲಿ ಒಂದೊಂದು ವಿಳಾಸವೂ ಮೂರು ಮೂರು ಸಲ ಬರುತ್ತದೆ: ಟಿಸಿಪಿಗೆ ಒಂದು, ಯುಡಿಪಿಗೆ ಒಂದು, ರಾ ಸಾಕೆಟ್‌ಗೆ ಒಂದು. "ಪಟ್ಟಿಯಲ್ಲಿ ಒಂದೇ ವಿಳಾಸ ಮೂರು ಸಲ ಯಾಕಿದೆ" ಎಂದು ಕೇಳುವವರಿಗೆ ಉತ್ತರ ಇದೇ.

ಪೋರ್ಟನ್ನು ಸಂಖ್ಯೆಯಾಗಿ ಕೊಡಬೇಡಿ, ಉದ್ಧರಣ ಚಿಹ್ನೆಯೊಳಗೆ ಅಕ್ಷರಸಾಲಾಗಿ ಕೊಡಿ. ಬೈಟ್‌ಗಳನ್ನು ನೆಟ್‌ವರ್ಕ್ ಕ್ರಮಕ್ಕೆ ತಿರುಗಿಸುವ ಕೆಲಸವನ್ನು ಗೆಟ್‌ಅಡ್ರ್‌ಇನ್ಫೋ ತಾನೇ ಮಾಡುತ್ತದೆ. ಅದೇ ಕೆಲಸ ಮಾಡುವ ಎಚ್‌ಟಾನ್ಸ್ ಫಂಕ್ಷನ್ನನ್ನು ನೀವು ಮತ್ತೊಮ್ಮೆ ಹಾಕಿದರೆ ಪೋರ್ಟ್ ಉಲ್ಟಾ ಆಗಿ ಬೇರೆಲ್ಲೋ ಹೋಗುತ್ತದೆ.

ಕೆಲವರು ಹೆಸರಿನ ಜಾಗದಲ್ಲಿ ನೇರ ಐಪಿ ವಿಳಾಸ ಬರೆಯುತ್ತಾರೆ, ಅದೂ ನಡೆಯುತ್ತದೆ. ಆದರೆ ಅಂದವಾಗಿ ಕಾಣಲಿ ಅಂತ ಸೊನ್ನೆ ಸೇರಿಸಬೇಡಿ. 192.168.010.5 ಅಂತ ಬರೆದರೆ ಲಿನಕ್ಸ್ ಆ 010 ಅನ್ನು ಎಂಟರ ಎಣಿಕೆಯಲ್ಲಿ ಓದುತ್ತದೆ. ನೀವು ಹೋಗುವುದು 192.168.8.5ಕ್ಕೆ. ಯಾವ ಎರರ್ ಕೂಡ ಬರುವುದಿಲ್ಲ.

4. ಕರೆಯಿರಿ, ಬಂದ ಎರರ್ ಅನ್ನು ಸರಿಯಾಗಿ ಓದಿ

ಗೆಟ್‌ಅಡ್ರ್‌ಇನ್ಫೋ ಸೊನ್ನೆ ಕೊಟ್ಟರೆ ಗೆದ್ದ ಹಾಗೆ. ಬೇರೆ ಏನು ಬಂದರೂ ಅದೇ ಎರರ್ ಸಂಖ್ಯೆ. ಅದನ್ನು ಪಿಎರರ್‌ನಿಂದ ಮುದ್ರಿಸಬೇಡಿ. ಪಿಎರರ್ ನೋಡುವುದು ಎರ್‌ನೋ ಎಂಬ ಬೇರೆಯೇ ವೇರಿಯೇಬಲ್ಲನ್ನು. ಕೆಲಸ ಕೆಟ್ಟಿದ್ದರೂ ಪರದೆಯ ಮೇಲೆ ಸಕ್ಸೆಸ್ ಅಂತ ಬಂದು ನಿಮ್ಮನ್ನು ಗೊಂದಲಕ್ಕೆ ತಳ್ಳಬಹುದು. ಇದಕ್ಕೆಂದೇ ಜಿಎಐ_ಸ್ಟ್ರ್‌ಎರರ್ ಎಂಬ ಫಂಕ್ಷನ್ ಇದೆ, ಅದಕ್ಕೆ ಬಂದ ಸಂಖ್ಯೆಯನ್ನು ಕೊಡಿ. ಇಎಐ_ಸಿಸ್ಟಂ ಎಂಬ ಒಂದು ಎರರ್ ಬಂದಾಗ ಮಾತ್ರ ಎರ್‌ನೋ ನೋಡಬೇಕು.

ಇವುಗಳಲ್ಲಿ ಎರಡು ಎರರ್‌ಗಳ ವ್ಯತ್ಯಾಸ ನಿಮಗೆ ಚೆನ್ನಾಗಿ ಗೊತ್ತಿರಲೇಬೇಕು.

ಇಎಐ_ನೋನೇಮ್. "ನೇಮ್ ಆರ್ ಸರ್ವಿಸ್ ನಾಟ್ ನೋನ್" ಅಂತ ಬರುತ್ತದೆ. ಅಂಥ ಹೆಸರೇ ಇಲ್ಲ ಅಂತ ಉತ್ತರ ಸಿಕ್ಕಿದೆ. ಹೆಸರು ತಪ್ಪಾಗಿ ಬರೆದಿದ್ದೀರಾ, ಕಾನ್ಫಿಗ್ ಫೈಲಿನಿಂದ ಓದುವಾಗ ಕೊನೆಯಲ್ಲಿ ಹೊಸ ಸಾಲಿನ ಅಕ್ಷರ ಅಂಟಿಕೊಂಡಿದೆಯಾ ನೋಡಿ. ಎಫ್‌ಗೆಟ್ಸ್ ಬಳಸಿದವರಿಗೆ ಆ ಅಂಟಿದ ಅಕ್ಷರ ಬಹಳ ಸಾಮಾನ್ಯ. ಹೆಸರಿನ ಹಿಂದೆ ಮುಂದೆ ಒಂದು ಚೌಕ ಬ್ರಾಕೆಟ್ ಇಟ್ಟು ಮುದ್ರಿಸಿ, ಮುಚ್ಚುವ ಬ್ರಾಕೆಟ್ ಕೆಳಗಿನ ಸಾಲಿಗೆ ಹೋಯಿತೆಂದರೆ ಕಳ್ಳ ಸಿಕ್ಕ.

ಇಎಐ_ಅಗೇನ್. "ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್" ಅಂತ ಬರುತ್ತದೆ. ಹೆಸರು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ, ಯಾಕೆಂದರೆ ಕೇಳಲು ಯಾರೂ ಸಿಗಲಿಲ್ಲ. ತೋಟದಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಮಳೆ ಗಾಳಿಗೆ ಕರೆಂಟ್ ಹೋಗಿ ಬರುತ್ತದೆ. ಪೈ ಎದ್ದು ನಿಮ್ಮ ಪ್ರೋಗ್ರಾಂ ಓಡಿಸುತ್ತದೆ. ಸಿಮ್ ಹಾಕಿದ ಡಾಂಗಲ್ ಇನ್ನೂ ಟವರ್ ಹುಡುಕುತ್ತಲೇ ಇರುತ್ತದೆ. ಆ ಹೊತ್ತಿಗೆ ಹೆಸರು ಕೇಳಿದರೆ ಉತ್ತರ ಎಲ್ಲಿಂದ ಬರಬೇಕು? ಪ್ರೋಗ್ರಾಂ "ಸರ್ವರ್ ಇಲ್ಲ" ಅಂತ ಮುದ್ರಿಸಿ ನಿಂತುಬಿಟ್ಟರೆ, ಮತ್ತೆ ಯಾರಾದರೂ ತೋಟಕ್ಕೆ ಹೋಗಿ ಸ್ವಿಚ್ ಆಫ್ ಮಾಡಿ ಆನ್ ಮಾಡುವ ತನಕ ಮಳೆ ಲೆಕ್ಕ ಇಲ್ಲ.

ಹಾಗಾಗಿ ಇಎಐ_ಅಗೇನ್ ಬಂದರೆ ನಿಲ್ಲಬೇಡಿ. ಸ್ವಲ್ಪ ಕಾದು ಮತ್ತೆ ಕೇಳಿ. ಮೊದಲು 2 ಸೆಕೆಂಡ್, ಆಮೇಲೆ 4, 8, ಹೀಗೆ ಕಾಯುವ ಹೊತ್ತನ್ನು ಏರಿಸುತ್ತಾ ಹೋಗಿ, 5 ನಿಮಿಷಕ್ಕಿಂತ ಹೆಚ್ಚು ಮಾತ್ರ ಮಾಡಬೇಡಿ. ಪ್ರತಿ ಕಾಯುವಿಕೆಗೂ ಒಂದಿಷ್ಟು ಯಾದೃಚ್ಛಿಕ ಸೆಕೆಂಡ್, ಅಂದರೆ ರ‍್ಯಾಂಡಮ್ ಆಗಿ ಆರಿಸಿದ ಸಮಯ ಸೇರಿಸಿ. ಇಲ್ಲದಿದ್ದರೆ ಒಂದೇ ಫೀಡರ್‌ನ ತೋಟಗಳಿಗೆಲ್ಲ ಒಟ್ಟಿಗೆ ಕರೆಂಟ್ ಬಂದಾಗ, ಎಲ್ಲ ಬೋರ್ಡ್‌ಗಳೂ ಒಟ್ಟಿಗೇ ಸರ್ವರ್ ಮೇಲೆ ಬೀಳುತ್ತವೆ. ಕಳಿಸಲಾಗದ ಲೆಕ್ಕವನ್ನು ಅಲ್ಲಿಯತನಕ ಫೈಲಿಗೆ ಬರೆದಿಡಿ.

ಒಂದು ಸೂಕ್ಷ್ಮ ಇದೆ. ಜಿಲಿಬ್‌ಸಿ ಎಂಬ ಸಿ ಲೈಬ್ರರಿಯ 2.26ನೇ ಆವೃತ್ತಿ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಮೂಲ ಆವೃತ್ತಿಗಳು ರಿಸಾಲ್ವ್ ಡಾಟ್ ಕಾನ್ಫ್ ಫೈಲನ್ನು ಒಮ್ಮೆ ಓದಿದರೆ ಮತ್ತೆ ತಿರುಗಿ ನೋಡುತ್ತಿರಲಿಲ್ಲ. ನೆಟ್‌ವರ್ಕ್ ಬರುವ ಮೊದಲು ಪ್ರೋಗ್ರಾಂ ಶುರುವಾದರೆ, ಆಮೇಲೆ ನೆಟ್‌ವರ್ಕ್ ಬಂದರೂ ಇಎಐ_ಅಗೇನ್ ತಪ್ಪುತ್ತಿರಲಿಲ್ಲ. ಹಳೆಯ ಬೋರ್ಡ್‌ನಲ್ಲಿ ಈ ಲಕ್ಷಣ ಕಂಡರೆ, ಮರುಪ್ರಯತ್ನಕ್ಕೆ ಮುಂಚೆ ರೆಸ್_ಇನಿಟ್ ಕರೆಯಿರಿ.

5. ಪಟ್ಟಿಯನ್ನು ಮೊದಲಿನಿಂದ ಕೊನೆತನಕ ಪ್ರಯತ್ನಿಸಿ

ತುಂಬ ಪ್ರೋಗ್ರಾಂಗಳಲ್ಲಿ ಪಟ್ಟಿಯ ಮೊದಲ ವಿಳಾಸ ತೆಗೆದುಕೊಂಡು ಕನೆಕ್ಟ್ ಮಾಡಿರುತ್ತಾರೆ. ಆಗಲಿಲ್ಲ ಅಂದರೆ ಎರರ್ ಕೊಟ್ಟು ಮುಗಿಸುತ್ತಾರೆ. ಲ್ಯಾಬ್ ಮತ್ತು ತೋಟದ ನಡುವಿನ ವ್ಯತ್ಯಾಸ ಇಲ್ಲೇ ಹೊರಬೀಳುವುದು.

ಲ್ಯಾಬ್‌ನ ನೆಟ್‌ವರ್ಕ್‌ನಲ್ಲಿ ಐಪಿವಿ4 ಮಾತ್ರ ಇದೆ ಅಂದುಕೊಳ್ಳಿ. ಹೆಸರು ಕೇಳಿದರೆ ಐಪಿವಿ4 ವಿಳಾಸ ಮೇಲೆ ಬರುತ್ತದೆ, ಕನೆಕ್ಟ್ ಆಗುತ್ತದೆ. ತೋಟದಲ್ಲಿ ಹಾಕಿದ್ದು ಜಿಯೋ ಸಿಮ್. ಅಲ್ಲಿ ಐಪಿವಿ6 ವಿಳಾಸವೂ ಸಿಗುತ್ತದೆ. ಈಗ ಅದೇ ಹೆಸರು ಕೇಳಿದರೆ ಪಟ್ಟಿಯ ಕ್ರಮ ಬದಲಾಗುತ್ತದೆ, ಐಪಿವಿ6 ಮೇಲಕ್ಕೆ ಬರುತ್ತದೆ. ನಿಮ್ಮ ಯಂತ್ರದಿಂದ ಯಾವುದು ತಲುಪಬಹುದು ಅನ್ನುವುದನ್ನು ಲೆಕ್ಕ ಹಾಕಿ ಪಟ್ಟಿ ಜೋಡಿಸುವ ನಿಯಮ ಇದೆ, 2012ರ ಆರ್‌ಎಫ್‌ಸಿ 6724 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಅದನ್ನು ಹೇಳುತ್ತದೆ. ಸರ್ವರ್‌ಗೆ ಐಪಿವಿ6 ವಿಳಾಸ ನೋಂದಾಯಿಸಿದ್ದಾರೆ, ಆದರೆ ನಿಮ್ಮ ಸರ್ವರ್ ಪ್ರೋಗ್ರಾಂ ಆ ವಿಳಾಸದಲ್ಲಿ ಕಿವಿಗೊಟ್ಟಿಲ್ಲ. ಮೊದಲ ಪ್ರಯತ್ನ ಸೋಲುತ್ತದೆ. ಪಟ್ಟಿಯಲ್ಲಿ ಎರಡನೆಯದಾಗಿ ಸರಿಯಾದ ಐಪಿವಿ4 ವಿಳಾಸ ಕೂತಿದ್ದರೂ ಪ್ರೋಗ್ರಾಂ ಅದನ್ನು ನೋಡುವುದೇ ಇಲ್ಲ.

ಸರಿಯಾದ ಕ್ರಮ ಹೀಗೆ. ಪಟ್ಟಿಯ ಮೊದಲ ಕೊಂಡಿಯಿಂದ ಶುರುಮಾಡಿ. ಆ ಕೊಂಡಿಯಲ್ಲೇ ಇರುವ ಎಐ_ಫ್ಯಾಮಿಲಿ, ಎಐ_ಸಾಕ್‌ಟೈಪ್, ಎಐ_ಪ್ರೋಟೋಕಾಲ್ ಮೂರನ್ನೂ ಕೊಟ್ಟು ಸಾಕೆಟ್ ತೆರೆಯಿರಿ. ಎಎಫ್_ಐನೆಟ್ ಅಂತ ಕೈಯಾರೆ ಬರೆಯಬೇಡಿ. ಎಐ_ಅಡ್ರ್ ಮತ್ತು ಎಐ_ಅಡ್ರ್‌ಲೆನ್ ಕೊಟ್ಟು ಕನೆಕ್ಟ್ ಮಾಡಿ. ಕನೆಕ್ಟ್ ಆಯಿತೆಂದರೆ ಲೂಪ್‌ನಿಂದ ಹೊರಬನ್ನಿ. ಆಗದಿದ್ದರೆ ಆ ಸಾಕೆಟ್ ಮುಚ್ಚಿ, ಎಐ_ನೆಕ್ಸ್ಟ್ ಹಿಡಿದು ಮುಂದಿನ ಕೊಂಡಿಗೆ ಹೋಗಿ, ಹೊಸ ಸಾಕೆಟ್ ತೆರೆಯಿರಿ. ಸೋತ ಸಾಕೆಟ್ಟನ್ನೇ ಮತ್ತೆ ಬಳಸಬೇಡಿ, ಐಪಿವಿ4 ಸಾಕೆಟ್‌ನಲ್ಲಿ ಐಪಿವಿ6 ವಿಳಾಸ ನಡೆಯುವುದೂ ಇಲ್ಲ. ಮುಚ್ಚಲು ಮರೆತರೆ ತಿಂಗಳುಗಟ್ಟಲೆ ಓಡುವ ಪ್ರೋಗ್ರಾಂನಲ್ಲಿ ತೆರೆದ ಸಾಕೆಟ್‌ಗಳು ಗುಡ್ಡೆಯಾಗಿ, ಒಂದು ದಿನ ಹೊಸದು ತೆರೆಯಲಿಕ್ಕೇ ಆಗುವುದಿಲ್ಲ.

ಕನೆಕ್ಟ್‌ಗೆ ಸಮಯದ ಮಿತಿ ಇಡಿ. ಮಿತಿ ಇಲ್ಲದಿದ್ದರೆ, ಉತ್ತರವೇ ಕೊಡದ ಒಂದು ವಿಳಾಸಕ್ಕೆ ಲಿನಕ್ಸ್ ಒಂದು ನಿಮಿಷಕ್ಕೂ ಜಾಸ್ತಿ ಕಾಯುತ್ತದೆ. ಸಾಕೆಟ್ಟನ್ನು ನಾನ್‌ಬ್ಲಾಕಿಂಗ್, ಅಂದರೆ ಕಾಯುತ್ತಾ ನಿಲ್ಲದ ಹಾಗೆ ಮಾಡಿ, ಪೋಲ್ ಫಂಕ್ಷನ್‌ನಲ್ಲಿ 10 ಸೆಕೆಂಡ್ ಕಾಯುವುದು ಒಳ್ಳೆಯ ದಾರಿ. ಬ್ರೌಸರ್‌ಗಳು ಇನ್ನೂ ಮುಂದೆ ಹೋಗಿ, ಕಾಲು ಸೆಕೆಂಡ್ ಕಾದು ಎರಡನೇ ವಿಳಾಸಕ್ಕೂ ಜೊತೆಜೊತೆಗೆ ಪ್ರಯತ್ನಿಸುತ್ತವೆ. ಮಳೆ ಮಾಪಕಕ್ಕೆ ಅಷ್ಟು ಅವಸರ ಬೇಡ.

ಪೈಥಾನ್ ಬರೆಯುವವರಿಗೆ ಇಷ್ಟೂ ಕೆಲಸವನ್ನು ಸಾಕೆಟ್ ಮಾಡ್ಯೂಲಿನ ಕ್ರಿಯೇಟ್_ಕನೆಕ್ಷನ್ ಮಾಡಿಕೊಡುತ್ತದೆ. ಪಟ್ಟಿಯನ್ನೂ ಸುತ್ತುತ್ತದೆ, ಸಮಯದ ಮಿತಿಯನ್ನೂ ಪಾಲಿಸುತ್ತದೆ. ಒಂದು ಮಾತು ನೆನಪಿಡಿ: ಆ ಮಿತಿ ಕನೆಕ್ಟ್‌ಗೆ ಮಾತ್ರ, ಹೆಸರು ಹುಡುಕುವ ಹೊತ್ತಿಗೆ ಅನ್ವಯಿಸಲ್ಲ.

6. ಪಟ್ಟಿಯನ್ನು ಬಿಡುಗಡೆ ಮಾಡಿ

ಕೆಲಸ ಆದ ಮೇಲೆ ಫ್ರೀಅಡ್ರ್‌ಇನ್ಫೋ ಕರೆಯಿರಿ. ಕೊಡಬೇಕಾದ್ದು ಪಟ್ಟಿಯ ತಲೆಯನ್ನು. ಲೂಪ್‌ನಲ್ಲಿ ಓಡಾಡಿಸಿದ ಪಾಯಿಂಟರ್ ಬೇರೆ, ತಲೆ ಬೇರೆ. ಎರಡಕ್ಕೂ ಬೇರೆ ಬೇರೆ ವೇರಿಯೇಬಲ್ ಇಟ್ಟುಕೊಳ್ಳಿ.

7. ಯಾವ ವಿಳಾಸಕ್ಕೆ ಹೋದಿರಿ ಅಂತ ಲಾಗ್ ಬರೆಯಿರಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹತ್ತು ಕಿಲೋಮೀಟರ್ ಕಾಡುದಾರಿಯ ಆಚೆ ಇರುವ ಬೋರ್ಡ್ ಏನು ಮಾಡುತ್ತಿದೆ ಅಂತ ತಿಳಿಯಲು ಲಾಗ್ ಬಿಟ್ಟರೆ ಬೇರೆ ದಾರಿ ಇಲ್ಲ. ಗೆಟ್‌ನೇಮ್‌ಇನ್ಫೋ ಫಂಕ್ಷನ್‌ಗೆ ಎನ್‌ಐ_ನ್ಯೂಮರಿಕ್‌ಹೋಸ್ಟ್ ಫ್ಲ್ಯಾಗ್ ಕೊಟ್ಟು ಕರೆದರೆ ವಿಳಾಸ ಓದುವ ರೂಪದಲ್ಲಿ ಸಿಗುತ್ತದೆ, ಐಪಿವಿ4 ಆದರೂ ಐಪಿವಿ6 ಆದರೂ. ಆ ಫ್ಲ್ಯಾಗ್ ಇಲ್ಲದಿದ್ದರೆ ಅದು ವಿಳಾಸದಿಂದ ಹೆಸರು ಹುಡುಕಲು ಮತ್ತೆ ಡಿಎನ್‌ಎಸ್‌ಗೆ ಹೋಗುತ್ತದೆ, ಸುಮ್ನೆ ಸಮಯ ಹಾಳು.

8. ಪ್ರತಿ ಸಲ ಹೊಸದಾಗಿ ಕೇಳಿ, ಆದರೆ ಬೇರೆ ಥ್ರೆಡ್‌ನಲ್ಲಿ

ಪ್ರೋಗ್ರಾಂ ಶುರುವಾದಾಗ ಒಮ್ಮೆ ವಿಳಾಸ ಕೇಳಿ ಅದನ್ನೇ ವರ್ಷವಿಡೀ ಬಳಸಬೇಡಿ. ಸರ್ವರ್ ಬೇರೆ ಯಂತ್ರಕ್ಕೆ ಹೋದರೆ ಹೆಸರು ಅದೇ ಇರುತ್ತದೆ, ವಿಳಾಸ ಬದಲಾಗುತ್ತದೆ. ಹೆಸರು ಇಟ್ಟಿರುವುದೇ ಅದಕ್ಕಾಗಿ. ಒಂದು ಉತ್ತರವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅನ್ನುವ ಅವಧಿಯನ್ನು ಡಿಎನ್‌ಎಸ್ ಹೇಳುತ್ತದೆ, ಆದರೆ ಗೆಟ್‌ಅಡ್ರ್‌ಇನ್ಫೋ ಅದನ್ನು ನಿಮಗೆ ದಾಟಿಸುವುದಿಲ್ಲ. ಆದ್ದರಿಂದ ಗಂಟೆಗೊಮ್ಮೆ ಕನೆಕ್ಟ್ ಮಾಡುವಾಗಲೆಲ್ಲ ಹೊಸದಾಗಿ ಕೇಳುವುದೇ ಸರಿ.

ಕೇಳುವಾಗ ಪ್ರೋಗ್ರಾಂ ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತದೆ. ಜಿಲಿಬ್‌ಸಿ ಒಂದು ಡಿಎನ್‌ಎಸ್ ಸರ್ವರ್‌ಗೆ 5 ಸೆಕೆಂಡ್ ಕಾಯುತ್ತದೆ, ಎರಡು ಸುತ್ತು ಪ್ರಯತ್ನಿಸುತ್ತದೆ. ಎರಡು ಸರ್ವರ್ ಬರೆದಿದ್ದು ಎರಡೂ ಸತ್ತಿದ್ದರೆ ಹತ್ತಿರಹತ್ತಿರ 20 ಸೆಕೆಂಡ್ ಹೋಯಿತು. ಮಳೆ ಮಾಪಕದೊಳಗಿನ ಪುಟ್ಟ ಬಟ್ಟಲು ತುಂಬಿ ಬಾಗಿದಾಗಲೆಲ್ಲ ಒಂದು ಪಲ್ಸ್ ಬರುತ್ತದೆ, ಕೆಲವು ಮಾಪಕಗಳಲ್ಲಿ ಒಂದು ಬಾಗು ಅಂದರೆ 0.01 ಇಂಚು, ಸರಿಯಾಗಿ ಒಂದು ಸೆಂಟು. ಪಲ್ಸ್ ಎಣಿಸುವ ಲೂಪ್‌ನಲ್ಲೇ ಹೆಸರನ್ನೂ ಕೇಳಿದರೆ ಆ 20 ಸೆಕೆಂಡಿನ ಜಡಿಮಳೆ ಲೆಕ್ಕಕ್ಕೇ ಬರುವುದಿಲ್ಲ. ಎಣಿಕೆಗೆ ಒಂದು ಥ್ರೆಡ್, ಕಳಿಸುವುದಕ್ಕೆ ಇನ್ನೊಂದು ಥ್ರೆಡ್ ಇಡಿ.

9. ಸರ್ವರ್ ಕಡೆಯನ್ನೂ ನೋಡಿ

ಸರ್ವರ್ ಪ್ರೋಗ್ರಾಂನಲ್ಲೂ ಇದೇ ಫಂಕ್ಷನ್. ಹೆಸರಿನ ಜಾಗದಲ್ಲಿ ನಲ್, ಎಐ_ಫ್ಲ್ಯಾಗ್ಸ್‌ನಲ್ಲಿ ಎಐ_ಪ್ಯಾಸಿವ್. ಎಲ್ಲ ವಿಳಾಸಗಳಲ್ಲೂ ಕಿವಿಗೊಡು ಅಂತ ಅರ್ಥ. ಇಲ್ಲೂ ಬರುವುದು ಪಟ್ಟಿಯೇ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಐಪಿವಿ4ರ 0.0.0.0 ಮೊದಲು ಬರುತ್ತದೆ. ಅದೊಂದಕ್ಕೇ ಬೈಂಡ್ ಮಾಡಿ ಬಿಟ್ಟರೆ ಐದನೇ ಹಂತದಲ್ಲಿ ಹೇಳಿದ ತೊಂದರೆ ಹುಟ್ಟುವುದೇ ಇಲ್ಲಿಂದ.

ಎಐ_ಫ್ಯಾಮಿಲಿಗೆ ಎಎಫ್_ಐನೆಟ್6 ಹಾಕಿ ಒಂದೇ ಐಪಿವಿ6 ಸಾಕೆಟ್ ತೆರೆಯಿರಿ, ಬೈಂಡ್ ಮಾಡುವ ಮೊದಲು ಐಪಿವಿ6_ವಿ6ಓನ್ಲಿ ಆಯ್ಕೆಯನ್ನು ಸೊನ್ನೆ ಮಾಡಿ. ಐಪಿವಿ4ರಿಂದ ಬರುವವರೂ ಅದೇ ಸಾಕೆಟ್‌ಗೆ ಬರುತ್ತಾರೆ. ಆಮೇಲೆ ಎಸ್‌ಎಸ್ ಕಮಾಂಡ್‌ಗೆ ಮೈನಸ್ ಎಲ್‌ಟಿಎನ್ ಕೊಟ್ಟು ಓಡಿಸಿ, 5050ರ ಸಾಲು ನೋಡಿ. ಪೋರ್ಟ್‌ಗೆ ಮುಂಚೆ 0.0.0.0 ಇದ್ದರೆ ಐಪಿವಿ4 ಮಾತ್ರ, ನಕ್ಷತ್ರ ಚಿಹ್ನೆ ಇದ್ದರೆ ಎರಡೂ. ಫೈರ್‌ವಾಲ್‌ನಲ್ಲೂ ಎರಡಕ್ಕೂ ಪೋರ್ಟ್ ತೆರೆದಿರಬೇಕು.

10. ಕನ್ನಡದ ಹೆಸರು ಬಳಸುವುದಾದರೆ

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಡೊಮೇನ್ ಇದೆ. ನಿಮ್ಮ ಸರ್ವರ್‌ಗೆ ಅಂಥ ಹೆಸರಿಟ್ಟರೆ ನನಗಂತೂ ತುಂಬಾ ಖುಷಿ. ಆದರೆ ಡಿಎನ್‌ಎಸ್ ಒಳಗೆ ಅದು ಕನ್ನಡ ಅಕ್ಷರದಲ್ಲಿ ಓಡಾಡುವುದಿಲ್ಲ, ಎಕ್ಸ್‌ಎನ್ ಎಂದು ಶುರುವಾಗಿ ಎರಡು ಅಡ್ಡಗೆರೆ ಇರುವ ಪ್ಯೂನಿಕೋಡ್ ರೂಪದಲ್ಲಿ ಹೋಗುತ್ತದೆ. ಜಿಲಿಬ್‌ಸಿಯಲ್ಲಿ ಎಐ_ಐಡಿಎನ್ ಫ್ಲ್ಯಾಗ್ ಹಾಕಿದರೆ ಈ ಬದಲಾವಣೆ ತಾನಾಗಿ ಆಗುತ್ತದೆ. ಅದಕ್ಕೆ ಮೊದಲು ಪ್ರೋಗ್ರಾಂನಲ್ಲಿ ಸೆಟ್‌ಲೊಕೇಲ್ ಕರೆದಿರಬೇಕು, ಯಂತ್ರದ ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್, ಯುಟಿಎಫ್-8 ಆಗಿರಬೇಕು, ಲಿಬ್‌ಐಡಿಎನ್2 ಎಂಬ ಲೈಬ್ರರಿ ಇನ್‌ಸ್ಟಾಲ್ ಆಗಿರಬೇಕು. ಬೂಟ್ ಆಗುವಾಗ ತಾನೇ ಶುರುವಾಗುವ ಪ್ರೋಗ್ರಾಂಗಳಿಗೆ ಎಷ್ಟೋ ಸಲ ಲೊಕೇಲ್ ಸಿಕ್ಕಿರುವುದಿಲ್ಲ. ಟರ್ಮಿನಲ್‌ನಲ್ಲಿ ಓಡಿದ್ದು ಬೂಟ್‌ನಲ್ಲಿ ಓಡದಿದ್ದರೆ ಮೊದಲು ಅದನ್ನೇ ನೋಡಿ. ಇಷ್ಟೆಲ್ಲ ತಲೆಬಿಸಿ ಬೇಡ ಅನ್ನಿಸಿದರೆ ಪ್ಯೂನಿಕೋಡ್ ರೂಪವನ್ನೇ ಕಾನ್ಫಿಗ್ ಫೈಲಿನಲ್ಲಿ ಬರೆದು, ಪಕ್ಕದಲ್ಲಿ ಕಮೆಂಟ್ ಆಗಿ ಕನ್ನಡದ ಹೆಸರು ಹಾಕಿಡಿ.